ಸರ್ವಾಧಿಕಾರಿಯ ಕುರ್ಚಿಗೆ ಅರಿಶಿನ ಬಿದ್ದದ್ದು

ಶಿಕಾರಿಪುರದಲ್ಲಿ ಪೈಪು, ಮೋಟರು, ಸ್ಪ್ರಿಂಕ್ಲರು ಮಾರುವ ಗುರುಪ್ರಕಾಶ್, ಕ್ರಿಸ್ತಶಕ ಎರಡು ಸಾವಿರದ ನೂರ ಇಪ್ಪತ್ತನೇ ಇಸವಿಯಲ್ಲಿ ನಡೆಯಲಿರುವ ಮಹಾಕ್ರಾಂತಿಯೊಂದನ್ನು ಇವತ್ತು ಸಂಜೆಯೊಳಗೆ ಮುಗಿಸಿಬಿಡುವುದಾಗಿ ಬೆಳಗಿನ ತಿಂಡಿಯ ಹೊತ್ತಿಗೆ ಘೋಷಿಸಿದ.

"ಮೊದಲು ತಟ್ಟೆಯಾಗಿನ ಉಪ್ಪಿಟ್ಟು ಮುಗಿಸ್ರಿ," ಎಂದಳು ಹೆಂಡತಿ ದೀಪಶ್ರೀ.

"ನೀನು ನಗ್ತೀಯ. ನಾಳೆ ಈ ಚಿತ್ರ ಶಿವಮೊಗ್ಗದ ಚಿತ್ರೋತ್ಸವಕ್ಕೆ ಹೋಗ್ತದೆ. ಸರ್ವಾಧಿಕಾರಿ ಉರುಳ್ತಾನೆ, ಜನ ಗೆಲ್ತಾರೆ. ಆಮೇಲೆ ಆ ರೂಮಿನ ಮಾತು ಈ ಮನೆಯಲ್ಲಿ ಯಾರೂ ಎತ್ತೋ ಹಾಗಿಲ್ಲ."

"ಉರುಳಲಿಲ್ಲ ಅಂದ್ರೆ?"

"ರೂಮು ನಿನ್ನದು. ಸಿನಿಮಾ ಅನ್ನೋ ಮೂರಕ್ಷರ ಈ ಬಾಯಲ್ಲಿ ಬರಲ್ಲ."

ರೂಮು ಎಂದರೆ ಅಂಗಡಿಯ ಮೇಲಿನದು, ಒಂದು ಬಾಗಿಲು, ಒಂದು ಕಿಟಕಿ. ಗುರುಪ್ರಕಾಶ್ ಈವರೆಗೆ ಎರಡು ಚಿತ್ರಗಳನ್ನು ಶುರು ಮಾಡಿದ್ದ. ಮೊದಲನೆಯದರ ನಾಯಕ ಅರ್ಧ ಚಿತ್ರೀಕರಣವಾದ ಮೇಲೆ ಯಾರನ್ನೂ ಕೇಳದೆ ಗಡ್ಡ ಬೋಳಿಸಿಕೊಂಡು ಬಂದ. ಎರಡನೆಯದರ ನಾಯಕಿಗೆ ಮದುವೆ ಗೊತ್ತಾಯಿತು, ಗಂಡಿನ ಕಡೆಯವರು ಪ್ರೇಮ ಪ್ರಸಂಗಗಳನ್ನೆಲ್ಲ ಅಳಿಸಲು ಹೇಳಿದರು, ಚಿತ್ರದಲ್ಲಿ ಉಳಿದದ್ದು ಒಂದು ಬಸ್ಸು ಮಾತ್ರ. ಆ ಎರಡು ಚಿತ್ರಗಳ ರಟ್ಟಿನ ಗೋಡೆಗಳು, ಸುಟ್ಟ ಬಲ್ಬುಗಳು, ಒಂದು ನಕಲಿ ಬಾವಿ, ಎಲ್ಲ ಆ ರೂಮಿನಲ್ಲಿದ್ದವು. ಇತ್ತ ದೀಪಶ್ರೀ ಮನೆಯ ಅಡುಗೆಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮದುವೆ ಮನೆಗಳಿಗೆ ಕೊಡುತ್ತಿದ್ದಳು. ಕೇಳಿಕೊಂಡು ಬರುವವರು ಹೆಚ್ಚಾಗಿದ್ದರು, ಒಲೆ ಹೂಡಲು ಜಾಗ ಹೆಚ್ಚಾಗಿರಲಿಲ್ಲ. ನಕಲಿ ಬಾವಿ ಇರುವ ಕಡೆ ಮೂರು ಒಲೆ ಕೂರುತ್ತವೆಂದು ಅವಳು ವರ್ಷದಿಂದ ಹೇಳುತ್ತಿದ್ದಳು.

ಈ ಸಲದ ಚಿತ್ರದ ಹೆಸರು 'ಹೂಂಗುಟ್ಟುವ ನಗರ'. ಅದರಲ್ಲಿ ಪ್ರಶ್ನೆ ಕೇಳುವುದು ಅಪರಾಧ. ಸರ್ವಾಧಿಕಾರಿ ಏನು ಹೇಳಿದರೂ ಪ್ರಜೆಗಳು 'ಹೂಂ' ಅನ್ನಬೇಕು. ಕೊನೆಗೊಂದು ದಿನ ಜನ ರೊಚ್ಚಿಗೆದ್ದು ನುಗ್ಗಿ, ಅವನ ಕುರ್ಚಿಯನ್ನು ಒದ್ದು ಬೀಳಿಸುತ್ತಾರೆ. ಇಷ್ಟೇ ಕಥೆ. ಸೊರಬದ ಹೊರವಲಯದ ಮುಚ್ಚಿದ ಅಕ್ಕಿ ಗಿರಣಿಯೊಂದನ್ನು ಅದರ ಮಾಲೀಕ ಆನಂದಪ್ಪ ಮೂರು ದಿನಕ್ಕೆ ಬಿಟ್ಟುಕೊಟ್ಟಿದ್ದ. ಅಂಗಡಿಯ ಪೈಪುಗಳನ್ನೇ ಜೋಡಿಸಿ ಗುರುಪ್ರಕಾಶ್ ಅಲ್ಲಿ ಭವಿಷ್ಯದ ಮಹಾನಗರ ಕಟ್ಟಿದ. ತರಕಾರಿ ಮಡಿಗಳ ಮೇಲೆ ಹೊದಿಸುವ ಪ್ಲಾಸ್ಟಿಕ್ ಶೀಟಿಗೆ ಒಂದು ಮಗ್ಗುಲು ಬೆಳ್ಳಿ ಬಣ್ಣ, ಇನ್ನೊಂದು ಕಪ್ಪು. ಬೆಳ್ಳಿ ಹೊರಗಿಟ್ಟು ಹೊಲಿದರೆ ಪ್ರಜೆ, ತಿರುಗಿಸಿ ತೊಟ್ಟರೆ ಪೊಲೀಸು. ನಗರದ ಅಪಾಯದ ಸೈರನ್ನಿಗೆಂದು ಗುಡವಿ ಕೆರೆಯ ಹಕ್ಕಿಗಳೆಲ್ಲ ಒಟ್ಟಿಗೆ ಕಿರುಚಿದ್ದನ್ನು ರೆಕಾರ್ಡ್ ಮಾಡಿ ತಂದಿದ್ದ. ಅದನ್ನು ಕೇಳಿದರೆ ಯಾವ ಸರ್ಕಾರದ ಬಗ್ಗೆಯಾದರೂ ಭಯ ಹುಟ್ಟುತ್ತಿತ್ತು.

ಸರ್ವಾಧಿಕಾರಿ ಸಿಕ್ಕಿದ್ದು ಅಂಗಡಿಯ ಗಲ್ಲಾದ ಮುಂದೆ. ಜಡೆ ಎಂಬ ಊರಿನ ಧರ್ಮಪ್ಪ ಹೊಲಕ್ಕೆ ಪೈಪು ಕೊಳ್ಳಲು ಬಂದಿದ್ದ. ಹುರಿ ಮೀಸೆ, ಹೆಗಲ ಮೇಲೆ ಕರಿ ಕಂಬಳಿ, ನೆಲದೊಳಗಿಂದ ಬರುವಂಥ ದನಿ. ಅವನು ಒಮ್ಮೆ ಕೆಮ್ಮಿದರೆ ಕುರಿಹಿಂಡು ನಿಂತಲ್ಲೇ ನಿಲ್ಲುತ್ತದೆ ಎಂದು ಅವನ ಹೆಂಡತಿ ಮಾಳಮ್ಮನೇ ಹೇಳಿದ್ದಳು. ಧರ್ಮಪ್ಪ ಒಪ್ಪಿದ. ಅವನ ಹಿಂದೆ ಅವನ ಕೇರಿಯೇ ಒಪ್ಪಿತು. ಬಂಡಾಯದ ನಾಯಕ ಅವನ ಮಗ ಶಿವಯೋಗಿ.

"ಅಪ್ಪ ಕೂತ ಕುರ್ಚಿಗೆ ಒದೀಬೇಕಲ್ರಿ," ಎಂದು ಶಿವಯೋಗಿ ಮೊದಲ ದಿನ ತಲೆ ಕೆರೆದುಕೊಂಡಿದ್ದ.

"ಸಿನಿಮಾದಾಗೆ ಒದಿ," ಎಂದಿದ್ದ ಧರ್ಮಪ್ಪ. "ಮನಿಗೆ ಹೋದ ಮ್ಯಾಲೆ ನೋಡ್ಕತೀನಿ."

ಮೂರನೆಯ ದಿನ, ಎಂದರೆ ಉಪ್ಪಿಟ್ಟಿನ ದಿನ, ಉಳಿದಿದ್ದದ್ದು ಆ ಒದೆ ಒಂದೇ. ಸಂಜೆ ಗಿರಣಿಯ ಬೀಗದ ಕೈ ಆನಂದಪ್ಪನಿಗೆ ಹಿಂದಿರುಗಿಸಬೇಕಿತ್ತು. ಗುರುಪ್ರಕಾಶ್‌ಗೆ ಅಡ್ಡಿಯಾದದ್ದು ಕುರ್ಚಿ. ಶಾಮಿಯಾನದ ಅಂಗಡಿಯಿಂದ ತಂದ ಆ ಸಿಂಹಾಸನಕ್ಕೆ ಕೆಂಪು ಮಖಮಲ್ಲು, ಚಿನ್ನದ ಬಣ್ಣದ ಸಿಂಹಗಳು. ಗಿರಣಿಯೊಳಗೆ ಬಂದವರೆಲ್ಲ ಅದನ್ನು ನೋಡಿ, "ಯಾರ ಆರತಕ್ಷತೆ?" ಎಂದು ಕೇಳುತ್ತಿದ್ದರು. ಪ್ರಶ್ನೆ ನಿಷೇಧಿಸಿದ ನಗರದಲ್ಲಿ ಅದೇ ಪ್ರಶ್ನೆ ಹನ್ನೊಂದನೆಯ ಸಲ ಕಿವಿಗೆ ಬಿದ್ದಾಗ ಗುರುಪ್ರಕಾಶ್ ಧರ್ಮಪ್ಪನ ಹೆಗಲಿನ ಕಂಬಳಿಯನ್ನು ಇಸಿದುಕೊಂಡ. ನಾಲ್ಕು ಮಡಿಕೆ ಮಾಡಿ, ನೆರಿಗೆ ಬೀಳದಂತೆ ಕುರ್ಚಿಯ ಮೇಲೆ ಹಾಸಿದ. ಮದುಮಕ್ಕಳು ಮಾಯವಾದರು. ಕುರ್ಚಿ ಕರ್ರಗೆ ಕೂತಿತು.

ಕ್ಯಾಮೆರಾ ಹಿಡಿದವನು ಮದುವೆ ಫೋಟೋಗ್ರಾಫರ್ ಸಂಗಮೇಶ್. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಗುರಣ್ಣ, ಕ್ಯಾಮೆರಾದಾಗೆ ಬರೀ ತೂತು ಕಂಡಂಗೆ ಕಾಣ್ತತಿ. ಏನಾದ್ರೂ ಬಣ್ಣ ಬೇಕು."

ಗುರುಪ್ರಕಾಶ್‌ನ ಪ್ರತಿಭೆ ಕೆಲಸ ಮಾಡುವುದು ಇಂಥ ಹೊತ್ತಿನಲ್ಲೇ. ಅಣುಯುದ್ಧ ಮುಗಿದ ಲೋಕ ಅದು, ಎಲ್ಲೆಲ್ಲೂ ವಿಷದ ಹಳದಿ ಧೂಳು ಇರಬೇಕಲ್ಲ. ಮಧ್ಯಾಹ್ನದ ಅಡುಗೆಗೆ ದೀಪಶ್ರೀ ತಂದಿದ್ದ ಸಾಮಾನಿನಲ್ಲಿ ಅರಿಶಿನದ ಪೊಟ್ಟಣವಿತ್ತು. ಒಂದು ಹಿಡಿ ತೆಗೆದು ಕಂಬಳಿಯ ಮೇಲೆ ಉದಾರವಾಗಿ ಎರಚಿದ. ಸಂಗಮೇಶ್ ಹೆಬ್ಬೆರಳು ಎತ್ತಿದ. ಧರ್ಮಪ್ಪ ಒಂದು ಕ್ಷಣ ಕುರ್ಚಿಯನ್ನು ನೋಡಿದ, ಮತ್ತೆ ಗುರುಪ್ರಕಾಶ್‌ನನ್ನು ನೋಡಿದ, ಚಪ್ಪಲಿ ಬಿಟ್ಟು ಹತ್ತಿ ಕೂತ. ಅವನ ಮುಖಕ್ಕೆ ಬಂದ ಗಾಂಭೀರ್ಯ ಕಂಡು ಗುರುಪ್ರಕಾಶ್, ನಟ ಪಾತ್ರದೊಳಗೆ ಇಳಿದನೆಂದು ಹಿಗ್ಗಿದ.

"ಜನ ನುಗ್ಗಬೇಕು. ಕೂಗಬೇಕು. ಕಣ್ಣಲ್ಲಿ ಬೆಂಕಿ ಇರಬೇಕು. ಆಕ್ಷನ್."

ಜನ ನುಗ್ಗಿದರು. ಕೂಗಿದರು. ಬೆಳ್ಳಿ ಶೀಟುಗಳ ಪರಪರ ಸದ್ದಿಗೆ ಗಿರಣಿಯ ಪಾರಿವಾಳಗಳು ಎದ್ದು ಹಾರಿದವು. ಕೋಲು ಎತ್ತಿ ಹಿಡಿದು ಶಿವಯೋಗಿ ಎಲ್ಲರಿಗಿಂತ ಮುಂದೆ. ಕುರ್ಚಿ ಇನ್ನು ನಾಲ್ಕು ಮಾರು ದೂರವಿದೆ ಎನ್ನುವಾಗ ಅವನು ಗಕ್ಕನೆ ನಿಂತ. ಹಿಂದಿನವರು ಅವನ ಬೆನ್ನಿಗೆ ಬಂದು ಗುದ್ದಿದರು. ಅವನು ಕೋಲು ಕೆಳಗಿಟ್ಟು, ಚಪ್ಪಲಿ ಕಳಚಿ, ಕುರ್ಚಿಗೆ ಕೈಮುಗಿದ. ಹಿಂದೆಯೇ ಇಡೀ ಬಂಡಾಯ ಚಪ್ಪಲಿ ಕಳಚಿತು. ಕೆಲವರು ಅಡ್ಡಬಿದ್ದರು. ಗುತ್ಯಪ್ಪನೆಂಬ ಮುದುಕ ಮುಂದೆ ಬಂದು ಚಿಟಿಕೆ ವಿಷದ ಧೂಳು ತೆಗೆದು ಹಣೆಗೆ ಹಚ್ಚಿಕೊಂಡ.

"ಕಟ್," ಎಂದ ಗುರುಪ್ರಕಾಶ್. "ಶಿವಯೋಗಿ, ಒದೆ ಎಲ್ಲಪ್ಪಾ?"

"ಗದ್ದಿಗಿಗೆ ಒದೀತಾರೇನ್ರಿ?"

"ಯಾವ ಗದ್ದಿಗೆ? ಶಾಮಿಯಾನದ ಕುರ್ಚಿ ಅದು."

ಉತ್ತರ ಮಾಳಮ್ಮನಿಂದ ಬಂತು. "ಸಾವ್ಕಾರ್ರೆ, ಹೆಗಲ ಮ್ಯಾಲಿದ್ರೆ ಅದು ಕಂಬಳಿ. ಮಳಿ ಬಂದ್ರೆ ಹೊದೀತೀವಿ, ಕುರಿಮರಿ ಸುತ್ತಿ ತರ್ತೀವಿ. ನಾಕು ಮಡಿಕಿ ಮಾಡಿ ಹಾಸಿ, ಮ್ಯಾಲೆ ಭಂಡಾರ ಬಿತ್ತಾ, ದೇವರ ಗದ್ದಿಗಿ ಆತು. ನಮ್ಮನ್ಯಾಗೆ ಅದರ ಮುಂದೆ ಮೆಟ್ಟು ಹಾಕ್ಕಂಡು ನಿಲ್ಲಂಗಿಲ್ಲ, ಅದಕ್ಕೆ ಕಾಲು ತಾಗಿಸಂಗಿಲ್ಲ, ಅದರ ಮ್ಯಾಲೆ ಕುಂತೋರು ಸುಳ್ಳು ಹೇಳಂಗಿಲ್ಲ."

"ಭಂಡಾರ ಎಲ್ಲಿ ಬಂತು? ಅದು ಅಣುಬಾಂಬಿನ ಧೂಳು."

"ಅರಿಶಿನ ಅಲ್ಲೇನ್ರಿ ಅದು?"

"ಅರಿಶಿನವೇ."

"ಹಂಗಾದ್ರೆ ಭಂಡಾರ," ಎಂದಳು ಮಾಳಮ್ಮ. ಅಣುಬಾಂಬಿಗೆ ಅಲ್ಲಿಗೆ ಮುಕ್ತಾಯವಾಯಿತು.

"ಸರಿ ತಾಯಿ, ಹಾಸಿದೋನು ನಾನು, ತೆಗೆಯೋನೂ ನಾನೇ," ಎಂದು ಗುರುಪ್ರಕಾಶ್ ಕೈ ಚಾಚಿದ.

"ಹಾಸಿದೋರು ಯಾರಾದ್ರೂ ಇರ್ಲಿ. ಮಾತು ತೀರೋ ತನಕ ಮಡಚಂಗಿಲ್ಲ."

"ಯಾವ ಮಾತು? ಇಲ್ಲಿ ಮಾತೇ ಇಲ್ಲವಲ್ಲ."

"ಇಷ್ಟು ಮಂದಿ ಕೈಮುಗಿದು ಕುಂತಾರೆ. ಏನೋ ಒಂದು ಮಾತು ಇರಬೇಕಲ್ಲ."

ಮಂದಿ ನಿಜಕ್ಕೂ ಕುಂತಿದ್ದರು. ಚಪ್ಪಲಿಗಳು ಬಾಗಿಲ ಬಳಿ ಸಾಲಾಗಿದ್ದವು. ಕಾಲು ಮಡಚಿ, ಶೀಟು ಒತ್ತರಿಸಿಕೊಂಡು, ಎರಡು ಸಾವಿರದ ನೂರ ಇಪ್ಪತ್ತನೇ ಇಸವಿಯ ಪ್ರಜೆಗಳು ಧರ್ಮಪ್ಪನ ಮುಖವನ್ನೇ ನೋಡುತ್ತಿದ್ದರು. ಗುರುಪ್ರಕಾಶ್ ಕೊನೆಯ ಉಪಾಯ ಮಾಡಿದ. ಒದೆ ಬೇಡ. ಸರ್ವಾಧಿಕಾರಿ ಕೊನೆಯ ಭಾಷಣವನ್ನಾದರೂ ಹೇಳಲಿ, ಉಳಿದದ್ದನ್ನು ಹೇಗೋ ಜೋಡಿಸಿಕೊಳ್ಳೋಣ.

"ಧರ್ಮಪ್ಪಣ್ಣ, 'ಪ್ರಜೆಗಳೇ, ಪ್ರಶ್ನೆ ಕೇಳಬಾರದೆಂಬ ಕಾನೂನನ್ನು ನಾನು ಮಾಡಿದ್ದು ನಿಮ್ಮ ಒಳಿತಿಗಾಗಿ'. ಇಷ್ಟೇ. ನೆನ್ನೆ ಎಷ್ಟು ಚೆಂದ ಹೇಳಿದ್ರಿ."

"ನೆನ್ನೆ ಬರೀ ಮರದ ಮಣಿ ಮ್ಯಾಲೆ ಕುಂತಿದ್ದೆ," ಎಂದ ಧರ್ಮಪ್ಪ. "ಇವತ್ತು ಆಗಂಗಿಲ್ರಿ. ಆ ಕಾನೂನು ನಾನು ಮಾಡಿಲ್ಲ. ಒಳಿತಿಗಂತೂ ಅಲ್ವೇ ಅಲ್ಲ."

ಸುಳ್ಳು ಹೇಳಲಾರದ ಸರ್ವಾಧಿಕಾರಿ, ಒದೆಯಲಾರದ ಬಂಡಾಯ, ತೆಗೆಯಲಾರದ ಕಂಬಳಿ. ಗಿರಣಿಯ ಕಿಂಡಿಯಿಂದ ಬೀಳುತ್ತಿದ್ದ ಬಿಸಿಲು ಗೋಡೆ ಹತ್ತತೊಡಗಿತ್ತು. ಗುರುಪ್ರಕಾಶ್ ಒಂದು ಕಂಬಕ್ಕೆ ಒರಗಿ ನಿಂತ. ಮೂರನೆಯ ಚಿತ್ರವೂ ಆ ರೂಮಿಗೆ, ನಕಲಿ ಬಾವಿಯ ಪಕ್ಕಕ್ಕೆ ಹೋಗುವುದು ಅವನಿಗೆ ಕಾಣಿಸಿತು. ಅಲ್ಲ, ಅಲ್ಲಿಗೂ ಹೋಗುವಂತಿರಲಿಲ್ಲ, ರೂಮು ಇನ್ನು ಅವನದಲ್ಲ.

ಸಾರಿನ ಪಾತ್ರೆಯ ಬಳಿ ಕೂತಿದ್ದ ದೀಪಶ್ರೀ ಅವನನ್ನು ನೋಡುತ್ತಿದ್ದಳು. ಸುಮ್ಮನೆ ಕೂತಿದ್ದರೆ ಸಾಕಿತ್ತು, ಸಂಜೆಗೆ ಅವಳು ಗೆದ್ದಿರುತ್ತಿದ್ದಳು. ಆದರೆ ಮದುವೆಯಾದಾಗಿನಿಂದ ಅವಳು ಆ ಮುಖವನ್ನು ಎರಡು ಸಲ ನೋಡಿದ್ದಳು, ಮೂರನೆಯ ಸಲ ನೋಡಲು ಮನಸ್ಸಾಗಲಿಲ್ಲವೋ ಏನೋ, ಎದ್ದು ಬಂದಳು.

"ಸಂಗಮೇಶ, ಕ್ಯಾಮೆರಾ ಹಚ್ಚಿಡು. ಬಂದ್ ಮಾಡಬ್ಯಾಡ." ಆಮೇಲೆ ಗಂಡನಿಗೆ, "ರೀ, ಮಾತು ತೀರಬೇಕು ಅಂದ್ರೆ ಯಾರಾದ್ರೂ ಮಾತು ಎತ್ತಬೇಕಲ್ಲ. ಬಿಡ್ರಿ, ಎತ್ತಲಿ."

"ಯಾರು ಏನು ಬೇಕಾದ್ರೂ ಕೇಳ್ಕೊಳ್ರಪ್ಪ," ಎಂದ ಗುರುಪ್ರಕಾಶ್ ಸೋತ ದನಿಯಲ್ಲಿ. ಹೂಂಗುಟ್ಟುವ ನಗರದ ಕಾನೂನು ರದ್ದಾದದ್ದು ಹೀಗೆ.

ಶಿವಯೋಗಿ ಎದ್ದು ನಿಂತ. "ಅಪ್ಪಾ, ಈ ಊರಾಗೆ ಯಾರೂ ಏನೂ ಕೇಳಬಾರದು ಅಂತ ಕಾನೂನು ಮಾಡಿದ್ದು ನೀನಾ?"

"ನಾನಲ್ಲ."

"ಮತ್ಯಾರು?"

ಧರ್ಮಪ್ಪ ಅವಸರ ಮಾಡಲಿಲ್ಲ. ಮೀಸೆ ನೀವಿಕೊಂಡ. ಕೈ ಎತ್ತಿ ನೇರವಾಗಿ ಕ್ಯಾಮೆರಾದ ಹಿಂದಕ್ಕೆ ತೋರಿಸಿದ. "ಅಗಾ, ಅಲ್ಲಿ ನಿಂತಾರಲ್ಲ, ಅವರು ಬರೆದು ಕೊಟ್ಟಿದ್ದು. ನಾನು ಬರೀ ಓದ್ತಿದ್ದೆ."

ಮೂರು ದಿನದಿಂದ ಎಷ್ಟು ಗೋಗರೆದರೂ ಒಟ್ಟಿಗೆ ಒಂದು ಹೆಜ್ಜೆ ಹಾಕದಿದ್ದ ಗುಂಪು ಆಗ ಒಟ್ಟಿಗೆ ತಿರುಗಿತು. ಎಲ್ಲ ಮುಖಗಳೂ ಒಂದೇ ಸಲಕ್ಕೆ. ಒಟ್ಟಿಗೆ ಎದ್ದು ಕ್ಯಾಮೆರಾದ ಕಡೆಗೆ ನಡೆದು ಬಂತು. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಬರಿಗಾಲಿನ ಸದ್ದು, ಶೀಟಿನ ಸದ್ದು, ಅಷ್ಟೇ. ಗುರುಪ್ರಕಾಶ್ ಬಯಸಿದ್ದ ಭಯಂಕರ ದೃಶ್ಯ ಅದೇ ಆಗಿತ್ತು. ಅದು ತನ್ನ ಕಡೆಗೇ ಬರುತ್ತದೆಂದು ಮಾತ್ರ ಅವನು ಎಣಿಸಿರಲಿಲ್ಲ.

"ಸಂಗಮೇಶ, ಕಟ್," ಎನ್ನುತ್ತ ಹಿಂದೆ ಸರಿದ.

"ಅಕ್ಕ ಬಂದ್ ಮಾಡಬ್ಯಾಡ ಅಂದಾಳ್ರಿ," ಎಂದ ಸಂಗಮೇಶ್.

ಇನ್ನೊಂದು ಹೆಜ್ಜೆ ಹಿಂದಿಟ್ಟಾಗ ಲೈಟಿನ ವಯರು ಕಾಲಿಗೆ ಸುತ್ತಿತು. ಗುರುಪ್ರಕಾಶ್ ಬೆನ್ನು ಕೆಳಗಾಗಿ ಮಹಾನಗರದ ಮೇಲೆ ಬಿದ್ದ. ಮೊದಲು ಗೋಪುರ, ಆಮೇಲೆ ಸೆರೆಮನೆ, ಕಡೆಗೆ ಗಡಿಗೋಡೆ, ಒಂದೊಂದಾಗಿ ಅವನ ಮೇಲೆ ಕುಸಿದವು. ಪ್ಲಾಸ್ಟಿಕ್ ಪೈಪಿನ ಸಾಮ್ರಾಜ್ಯವಾದ್ದರಿಂದ ಪ್ರಾಣಹಾನಿ ಆಗಲಿಲ್ಲ. ಜನ ಪೈಪು ಸರಿಸಿ ಅವನನ್ನು ಎತ್ತಿದರು, ಮೈ ಕೊಡವಿದರು, ಚಪ್ಪಲಿ ಬಿಡಿಸಿದರು, ಕೈಹಿಡಿದು ತಂದು ಕುರ್ಚಿಯ ಮೇಲೆ ಕೂರಿಸಿದರು. ಧರ್ಮಪ್ಪ ಎದ್ದು ಜಾಗ ಬಿಟ್ಟಿದ್ದ.

"ಕಂಬಳಿ ಮ್ಯಾಲೆ ಕುಂತೀರಿ ಸಾವ್ಕಾರ್ರೆ," ಎಂದಳು ಮಾಳಮ್ಮ. "ಖರೇ ಹೇಳ್ರಿ."

ಗುರುಪ್ರಕಾಶ್ ಎದ್ದುಬಿಡಬಹುದಿತ್ತು. ಅದು ಅವನ ಮನೆಯ ಪದ್ಧತಿಯೂ ಅಲ್ಲ. ಆದರೆ ಎದುರಿಗೆ ಅಷ್ಟೊಂದು ಮುಖಗಳು ನಂಬಿಕೆಯಿಂದ ಕಾಯುತ್ತಿದ್ದವು. ಅವನು ಏಳಲಿಲ್ಲ.

ಮೊದಲು ಗುತ್ಯಪ್ಪ. "ಮೂರು ದಿನದಿಂದ ಓಡಿಸೀರಿ. ಸಿನಿಮಾದಾಗೆ ನನ್ನ ಮುಖ ಬರ್ತತೋ ಇಲ್ಲೋ?"

"ಬೆನ್ನು ಬರ್ತದೆ."

"ಪೂರಾ ಬೆನ್ನಾ?"

"ಅರ್ಧ."

ಗುತ್ಯಪ್ಪ ತಲೆದೂಗಿ ಕೂತ. ಅರ್ಧವಾದರೂ ಖರೇ ಎಂಬ ಸಮಾಧಾನ ಅವನ ಮುಖದಲ್ಲಿತ್ತು.

ಚೌಡೇಶ್ವರಿ ಎಂಬ ಹೆಂಗಸು ಕೇಳಿದಳು. "ಊರಿನೋರು ಏನೂ ಕೇಳಬಾರದು ಅಂತ ಯಾಕೆ ಬರೆದ್ರಿ? ಅಂಥಾ ಊರು ಯಾರಿಗೆ ಚಂದ?"

ಚಿತ್ರೋತ್ಸವಕ್ಕೆಂದು ಗುರುಪ್ರಕಾಶ್ ಇದಕ್ಕೊಂದು ದೊಡ್ಡ ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದ. ಕಂಬಳಿಯ ಮೇಲೆ ಅದು ನಡೆಯುವಂತಿರಲಿಲ್ಲ. "ಅಂಗಡಿಯಲ್ಲಿ ಬೆಳಗಿಂದ ಸಂಜೆತನಕ ಗಿರಾಕಿಗಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಒಂದು ಊರಲ್ಲಾದ್ರೂ ನಾನು ಹೇಳಿದ್ದಕ್ಕೆ ಎಲ್ಲರೂ ಹೂಂ ಅನ್ನಲಿ ಅನ್ನಿಸ್ತು."

ಯಾರೋ ಕಿಸಕ್ಕನೆ ನಕ್ಕರು. ದೀಪಶ್ರೀ ಮಾತ್ರ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಕ್ಯಾಮೆರಾ ಅವಳ ಹಿಂದೆಯೇ ಬಂತು.

"ಇದು ಮುಗಿದ ಮ್ಯಾಲೆ ತೆಗೆಯೋಕೆ ನಿಮ್ಮ ಹತ್ರ ಇನ್ನೊಂದು ಕಥಿ ಐತೇನ್ರಿ?"

ಊರೆಲ್ಲ ಅವನು ಹೇಳಿಕೊಂಡು ಬಂದದ್ದು ಏಳು ಕಥೆ ಸಿದ್ಧವಿದೆಯೆಂದು. ಕಂಬಳಿಯ ಒರಟು ಉಣ್ಣೆ ಅಂಗೈಗೆ ಚುಚ್ಚಿತು. "ಇಲ್ಲ," ಎಂದ.

"ಮತ್ತೆ ಆ ರೂಮು ಯಾಕೆ ಹಿಡಕೊಂಡು ಕುಂತೀರಿ?"

"ಬಾಗಿಲು ತೆಗೆದಾಗಲೆಲ್ಲ..." ಎಂದು ನಿಲ್ಲಿಸಿದ. "ಬಾಗಿಲು ತೆಗೆದಾಗಲೆಲ್ಲ ನಾನೂ ಏನೋ ಒಂದು ಮಾಡ್ತೀನಿ ಅನ್ನಿಸ್ತದೆ. ಅಷ್ಟೇ. ಬೇರೆ ಏನಿಲ್ಲ."

ಸಂಗಮೇಶ್ ಮೂಗು ಏರಿಸಿಕೊಂಡ. ದೀಪಶ್ರೀ ಗಂಡನ ಹತ್ತಿರಕ್ಕೆ ಬಂದಳು.

"ಅನ್ನಿಸೋಕೆ ಕಿಟಕಿ ಸಾಕ್ರಿ," ಎಂದಳು, ಮೆಲ್ಲಗೆ. "ಕಿಟಕಿ ನೀವು ಇಟ್ಕೊಳ್ರಿ. ಅಲ್ಲೊಂದು ಕುರ್ಚಿ ಹಾಕಿ ಕೊಡ್ತೀನಿ, ಕುಂತು ಬರೀರಿ. ರೂಮು ನನಗೆ ಬಿಡ್ರಿ."

ಗುರುಪ್ರಕಾಶ್‌ಗೆ ನಗು ಬಂತು. ಮೈಮೇಲೆ ಅರಿಶಿನ, ಕೂದಲಲ್ಲಿ ಭತ್ತದ ಹೊಟ್ಟು, ಕೊರಳಲ್ಲಿ ಸಿಕ್ಕಿಕೊಂಡ ಪೈಪಿನ ಒಂದು ಬಳೆ. ಆ ವೇಷದಲ್ಲಿ ಅವನು ನಕ್ಕದ್ದನ್ನು ಕಂಡು ಪ್ರಜೆಗಳೂ ನಕ್ಕರು. ಮಾಳಮ್ಮ ನಕ್ಕಳು, ಪೊಲೀಸರು ನಕ್ಕರು. "ತಗೋ," ಎಂದ ಗುರುಪ್ರಕಾಶ್.

"ಆತು, ಮಾತು ತೀರ್ತು," ಎಂದ ಧರ್ಮಪ್ಪ. ಗುರುಪ್ರಕಾಶ್‌ನನ್ನು ಎಬ್ಬಿಸಿ, ಕಂಬಳಿ ಕೊಡವಿ, ಹೆಗಲಿಗೆ ಹಾಕಿಕೊಂಡು, ತಡವಾಗಿದ್ದ ಊಟಕ್ಕೆ ನಡೆದ. ಅಷ್ಟರಲ್ಲಿ ಬಾಗಿಲಲ್ಲಿ ಆನಂದಪ್ಪ ಬೀಗದ ಕೈಗೆ ಕಾಯುತ್ತಿದ್ದ.

ಒದೆಯಿಲ್ಲದ ಆ ಕ್ರಾಂತಿಯನ್ನು ಇದ್ದದ್ದು ಇದ್ದ ಹಾಗೆ ಜೋಡಿಸಿ ಗುರುಪ್ರಕಾಶ್ ಶಿವಮೊಗ್ಗಕ್ಕೆ ಕಳಿಸಿದ. ಬೇರೆ ದಾರಿ ಇರಲಿಲ್ಲ. ಚಿತ್ರ ಆಯ್ಕೆಯಾಯಿತು. ಪ್ರದರ್ಶನದ ದಿನ ಜಡೆಯಿಂದ ಒಂದು ಟೆಂಪೊ ಜನ ಬಂದರು. ಗುಂಪು ಕ್ಯಾಮೆರಾದ ಕಡೆಗೆ ತಿರುಗಿ ನಡೆದು ಬರುವಾಗ ಮುಂದಿನ ಸಾಲಿನವರು ಕುರ್ಚಿಯಲ್ಲಿ ಹಿಂದಕ್ಕೆ ಒತ್ತಿಕೊಂಡರು. ಗುತ್ಯಪ್ಪನ ಅರ್ಧ ಬೆನ್ನು ತೆರೆಯ ಮೇಲೆ ಬಂದಾಗ ಶಿಳ್ಳೆ ಬಿತ್ತು. ತೀರ್ಪುಗಾರರು ಚಿತ್ರಕ್ಕೆ ವಿಶೇಷ ಮೆಚ್ಚುಗೆ ಘೋಷಿಸಿ ಗುರುಪ್ರಕಾಶ್‌ನನ್ನು ವೇದಿಕೆಗೆ ಕರೆದರು. ಅವನು ದೀಪಶ್ರೀಯನ್ನೂ ಕರೆದುಕೊಂಡು ಹೋದ.

ಮುಖ್ಯ ತೀರ್ಪುಗಾರರು ಕನ್ನಡಕ ತೆಗೆದು ಒರೆಸಿಕೊಂಡರು. "ಅಧಿಕಾರದ ವಿರುದ್ಧ ಬಂದ ಚಿತ್ರಗಳನ್ನು ನಾನು ಬಹಳ ನೋಡಿದ್ದೇನೆ. ಇಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ. ಕೊನೆಗೆ ಒಬ್ಬ ಹೆಣ್ಣು, ಕಿಟಕಿ ನೀನಿಟ್ಟುಕೋ, ಕೋಣೆ ನನಗೆ ಕೊಡು ಎನ್ನುತ್ತಾಳೆ. ಎಂಥ ಮಾತು ಅದು. ನಿರ್ದೇಶಕರೇ, ಆ ಕೋಣೆ ಯಾವುದರ ಸಂಕೇತ?"

ಗುರುಪ್ರಕಾಶ್ ಕಾಲ ಕೆಳಗೆ ನೋಡಿಕೊಂಡ. ಅಲ್ಲಿದ್ದದ್ದು ಬರೀ ಕಾರ್ಪೆಟ್ಟು. ಧೈರ್ಯ ಬಂತು. ಗಂಟಲು ಸರಿಮಾಡಿಕೊಂಡು, "ಕೋಣೆ ಎಂದರೆ, ನೋಡಿ, ಮನುಕುಲದ ಸಾಮೂಹಿಕ ಅಂತರಂಗದ..." ಎಂದು ಶುರು ಮಾಡಿದ.

ದೀಪಶ್ರೀ ಮೈಕನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಅದು ನಮ್ಮ ಅಂಗಡಿ ಮ್ಯಾಲಿನ ರೂಮ್ರಿ," ಎಂದಳು. "ಮೊನ್ನೆ ಖಾಲಿ ಮಾಡಿ ಮೂರು ಒಲಿ ಹೂಡೀವಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಲ್ಲ ಸಿಗ್ತಾವು. ಎಷ್ಟು ಬೇಕು ಹೇಳ್ರಿ."

ಸಭಾಂಗಣ ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಹೊಡೆಯಿತು. ಮೊದಲ ಬೇಡಿಕೆ ತೀರ್ಪುಗಾರರ ಮೇಜಿನಿಂದಲೇ ಬಂತು. ಮರುವಾರ ಅದನ್ನು ಶಿವಮೊಗ್ಗದ ಮನೆಮನೆಗೆ ತಲುಪಿಸಿ ಬರಲು ಬುಟ್ಟಿ ಹೊತ್ತುಕೊಂಡು ಬಸ್ಸು ಹತ್ತಿದವನು ನಿರ್ದೇಶಕ. ಒಂದು ಮನೆಯ ಬಾಗಿಲು ತೆರೆದ ಮುಖ್ಯ ತೀರ್ಪುಗಾರರ ಹೆಂಡತಿ ಬುಟ್ಟಿಯನ್ನೂ ಅವನನ್ನೂ ನೋಡಿ, ಒಳಗೆ ತಿರುಗಿ ಕೂಗಿದಳು:

"ರೀ, ರೊಟ್ಟಿಯವನು ಬಂದಿದಾನೆ. ಎಲ್ಲೋ ನೋಡಿದ ಮುಖ ಅನ್ನಿಸ್ತದೆ."